ಎದ್ದು ನಿಂತವರ ಲೆಕ್ಕ

ಟಾಲ್ಬರ್ಟ್ ಕಾಲೇಜಿನ ಫುಟ್‌ಬಾಲ್ ತಂಡ ಗೆಲ್ಲುವುದು ಅಪರೂಪ. ಆದರೆ ಆ ತಂಡದ ಬಗ್ಗೆ ನಡೆಯುವ ವಾದದಲ್ಲಿ ಸೋತವರು ಅಲಬಾಮಾದ ಆ ಊರಿನಲ್ಲಿ ಇದುವರೆಗೆ ಒಬ್ಬರೂ ಇಲ್ಲ. ಶನಿವಾರ ಬೆಳಗಾಯಿತೆಂದರೆ ಕ್ರೀಡಾಂಗಣದ ಹೊರಗಿನ ಬಯಲಿನಲ್ಲಿ ಡೇರೆಗಳು ಏಳುತ್ತವೆ, ಹಂದಿಯ ಪಕ್ಕೆಲುಬು ಹೊಗೆಯಲ್ಲಿ ಬೇಯುತ್ತದೆ, ಮತ್ತು ಕ್ಲೀವನ್ ಬಿಗ್ಸ್‌ನ ಡೇರೆಯಲ್ಲಿ ಕಂಡ ಕಂಡ ಕಾಲದ ಕ್ವಾರ್ಟರ್‌ಬ್ಯಾಕ್‌ಗಳನ್ನೆಲ್ಲ ತಕ್ಕಡಿಗೆ ಹಾಕುವ ಕೆಲಸ ಶುರುವಾಗುತ್ತದೆ. ಕ್ವಾರ್ಟರ್‌ಬ್ಯಾಕ್ ಎಂದರೆ, ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ ಈ ಅಮೆರಿಕದ ಫುಟ್‌ಬಾಲಿನಲ್ಲಿ, ಆಟವನ್ನೆಲ್ಲ ತಲೆಯ ಮೇಲೆ ಹೊತ್ತವನು. ಚೆಂಡು ಎಸೆಯುವವನೂ ಅವನೇ, ಹಿಡಿದು ಓಡುವವನೂ ಅವನೇ, ಎದುರಿನ ಹನ್ನೊಂದು ಕೋಣಗಳು ನುಗ್ಗಿ ಬಂದು ಕೆಡವುವುದೂ ಅವನನ್ನೇ. ಗೆದ್ದರೆ ಊರ ದೇವರು, ಸೋತರೆ ಊರ ದನ.

ವರ್ಲೀನ್ ಪೆಟ್ವೇ ವಾರವೆಲ್ಲ ಶಾಲೆಯ ಬಸ್ಸು ಓಡಿಸುವವಳು. ಶನಿವಾರ ಆಲೂಗಡ್ಡೆ ಸಲಾಡಿನ ಪಾತ್ರೆ ಹಿಡಿದು ಈ ಡೇರೆಗೆ ಬರುವುದು ಅವಳಿಗೆ ತಪ್ಪಿದ್ದಲ್ಲ, ಏಕೆಂದರೆ ತಕ್ಕಡಿಯ ಎರಡು ತಟ್ಟೆಯಲ್ಲೂ ಅವಳ ಮನೆಯವರೇ ಇದ್ದರು. ಗಂಡ ಓಥಾ ಮೂವತ್ತೈದು ವರ್ಷದ ಹಿಂದಿನ ಕ್ವಾರ್ಟರ್‌ಬ್ಯಾಕ್. ಮಗ ಮಾರ್ಕೆಲ್ ಈಗಿನವನು. ಊರಿನವರು ಅವಳನ್ನು ಪುಣ್ಯವಂತೆ ಎನ್ನುತ್ತಿದ್ದರು. ಆ ಪುಣ್ಯವಂತೆ ದಿನಾ ಬೆಳಿಗ್ಗೆ ಗಂಡನ ಅಂಗಿಯ ಗುಂಡಿ ಹಾಕಿ, ತಿಂಡಿ ಆಯಿತಾ ಎಂದು ಅವನು ಮತ್ತೆ ಮತ್ತೆ ಕೇಳಿದ್ದಕ್ಕೆ ಆಯಿತು ಎಂದು ಮತ್ತೆ ಮತ್ತೆ ಹೇಳಿ ಬಸ್ಸು ಹತ್ತುತ್ತಿದ್ದಳು. ಓಥಾನಿಗೆ ಇನ್ನೂ ಅರವತ್ತು ತುಂಬಿರಲಿಲ್ಲ. ಕಾಲೇಜಿನಲ್ಲಿ ತಲೆಗೆ ತಿಂದ ಏಟುಗಳು ಈಗ ಒಂದೊಂದಾಗಿ ಬಾಕಿ ವಸೂಲಿಗೆ ಬಂದಿವೆ ಎಂದು ಡಾಕ್ಟರು ಹೇಳಿ ನಾಲ್ಕು ವರ್ಷವಾಗಿತ್ತು.

ಆ ಶನಿವಾರ ಹೋಮ್‌ಕಮಿಂಗ್, ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಮರಳುವ ಆಟ. ಹಿಂದಿನ ವಾರ ಮಾರ್ಕೆಲ್ ಕೆಟ್ಟದಾಗಿ ಬಿದ್ದಿದ್ದ. ಎದ್ದವನು ಎದುರಾಳಿಗಳ ಬೆಂಚಿನ ಕಡೆಗೆ ನಡೆದಿದ್ದ. ಜನ ಮೊದಲು ನಕ್ಕರು, ಆಮೇಲೆ ಎದ್ದನಲ್ಲ ಎಂದು ಚಪ್ಪಾಳೆ ತಟ್ಟಿದರು. ವರ್ಲೀನ್‌ಗೆ ನಗುವೂ ಬರಲಿಲ್ಲ, ಕೈಯೂ ಏಳಲಿಲ್ಲ. ಆದರೆ ವಾರದ ನಡುವೆ ಕಾಲೇಜಿನವರು ಅವನ ತಲೆ ಪರೀಕ್ಷಿಸಿ, ಏನೂ ತೊಂದರೆಯಿಲ್ಲ, ಆಡಬಹುದು ಎಂದಿದ್ದರು. ಬಲ್ಲವರು ಹೇಳಿದ ಮೇಲೆ ಬಸ್ಸು ಓಡಿಸುವವಳದು ಏನು ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು.

ಡೇರೆಯಲ್ಲಿ ವಾದ ಕಾವೇರಿತ್ತು. ಕ್ಲೀವನ್ ಊರಿನ ಕ್ಷೌರಿಕ. ಕತ್ತರಿಗಿಂತ ಅವನ ನಾಲಿಗೆ ಹರಿತ. ಪಕ್ಕದಲ್ಲಿ ಎಂಬತ್ತು ದಾಟಿದ ಪರ್ವಿಸ್ ಟಾಲಿವರ್, ಅರವತ್ತರ ದಶಕದ ಕ್ವಾರ್ಟರ್‌ಬ್ಯಾಕ್, ಮಡಚುವ ಕುರ್ಚಿಯಲ್ಲಿ ಉತ್ಸವಮೂರ್ತಿಯ ಹಾಗೆ ಕೂತಿದ್ದ.

"ಎಸೆಯೋದ್ರಲ್ಲಿ ಹುಡುಗ ಮುಂದು, ಒಪ್ಕೋತೀನಿ," ಅಂದ ಕ್ಲೀವನ್. "ಓಡೋದ್ರಲ್ಲಿ ಓಥಾನೇ. ಆದ್ರೆ ಕ್ವಾರ್ಟರ್‌ಬ್ಯಾಕ್‌ನ ಅಳೆಯೋದು ಅದ್ರಿಂದ ಅಲ್ಲ. ಬಿದ್ಮೇಲೆ ಎದ್ನಾ, ಇಲ್ವಾ? ಅಷ್ಟೇ ಲೆಕ್ಕ."

"ನಮ್ ಕಾಲದಲ್ಲಿ ಮೂಗಿಗೆ ಒಂದು ಘಾಟು ಸೀಸೆ ಹಿಡಿಯೋರು," ಅಂದ ಪರ್ವಿಸ್. "ಸೀನಿದ್ರೆ ಜೀವ ಇದೆ ಅಂತ ಅರ್ಥ. ಕತ್ತು ಹಿಡಿದು ಮತ್ತೆ ಒಳಗೆ ನೂಕೋರು. ನನಗೆ ಒಂದಿಡೀ ಆಟ ನೆನಪೇ ಇಲ್ಲ ಕಣಯ್ಯಾ. ಗೆದ್ವಿ ಅಂತ ಮಾರನೇ ದಿನ ಪೇಪರ್ ಓದಿ ಗೊತ್ತಾಯ್ತು!"

"ಓಥಾ ಕಾಲದಲ್ಲಿ ಬೆರಳು ಬಂತು. ಡಾಕ್ಟ್ರು ಯಾವಾಗ್ಲೂ ತೋರಿಸ್ತಿದ್ದಿದ್ದು ಎರಡೇ ಬೆರಳು. ಇವ್ರೆಲ್ಲ ಬಾಯಿಪಾಠ ಮಾಡ್ಕೊಂಡಿದ್ರು." ಕ್ಲೀವನ್ ಐದೂ ಬೆರಳು ಚಾಚಿ ಓಥಾನ ಮುಖದ ಮುಂದೆ ಹಿಡಿದ. "ಓಥಾ, ಎಷ್ಟು ಬೆರಳಪ್ಪಾ?"

"ಎರಡು," ಅಂದ ಓಥಾ, ತಟ್ಟೆಯಿಂದ ತಲೆ ಎತ್ತದೆ.

ಡೇರೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಓಥಾನೂ ನಕ್ಕ. ತನ್ನ ಮಾತಿಗೆ ಜನ ನಕ್ಕರಲ್ಲ ಎಂಬ ಖುಷಿ ಅವನಿಗೆ. ವರ್ಲೀನ್ ಸಲಾಡು ಬಡಿಸಿದಳು.

"ಈಗಿನವನು ನಿಮ್ಮಿಬ್ರಿಗೂ ಅಪ್ಪ ಕಣ್ರೋ," ಎಂದು ಕ್ಲೀವನ್ ಮುಂದುವರಿಸಿದ. "ಈಗೆಲ್ಲ ಕಂಪ್ಯೂಟರು. ಆಗಸ್ಟ್‌ನಲ್ಲಿ, ಆಟ ಶುರುವಾಗೋ ಮುಂಚೆ, ತಲೆ ಎಷ್ಟು ಚುರುಕು ಅಂತ ಅಳೀತಾರೆ. ಏಟು ಬಿದ್ಮೇಲೆ ಮತ್ತೆ ಅಳೀತಾರೆ. ಎರಡೂ ಒಂದೇ ಬಂದ್ರೆ ಆಡು ಅಂತಾರೆ. ನಮ್ ಮಾರ್ಕೆಲ್ ಏನು ಮಾಡ್ದ ಗೊತ್ತಾ? ಆಗಸ್ಟ್‌ನಲ್ಲೇ ಬೇಕಂತ ದಡ್ಡನ ಥರ ಉತ್ತರ ಕೊಟ್ಬಿಟ್ಟ! ಇನ್ನು ಯಾವ ಏಟು ಬಿದ್ರೂ ಅದಕ್ಕಿಂತ ಕಡಿಮೆ ಬರಲ್ಲ. ಮೊನ್ನೆ ಕ್ಷೌರಕ್ಕೆ ತಲೆ ಕೊಟ್ಟು ಕೂತಾಗ ನನ್ ಹತ್ರ ಅವನೇ ಹೇಳ್ದ. ಬುದ್ಧಿ ಅಂದ್ರೆ ಅದು!"

ವರ್ಲೀನ್ ಆ ಮಾತನ್ನು ಕೇಳಿಸಿಕೊಂಡಳು. ಹಾಗಾದರೆ ವಾರದ ನಡುವೆ ಹೇಳಿದ್ದೆಲ್ಲ ಸುಳ್ಳು. ಮಗನ ತಲೆ ಸರಿಯಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಇನ್ನೊಂದು ಗಂಟೆಯಲ್ಲಿ ಆ ಹನ್ನೊಂದು ಕೋಣಗಳು ಮತ್ತೆ ನುಗ್ಗಿ ಬರುತ್ತವೆ. ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಅವಳು ಜನರ ನಡುವೆ ದಾರಿ ಮಾಡಿಕೊಂಡು ಓಡಿದಳು. ಹಿಂದಿನಿಂದ ಯಾರೋ ಸಲಾಡಿಗೆ ಉಪ್ಪು ಕಡಿಮೆ ಎಂದು ಕೂಗಿದರು.

ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಿನ ಕೋಣೆಯಲ್ಲಿ ಲೈನೆಟ್ ಸಾಡ್ಲರ್ ಮಾರ್ಕೆಲ್‌ನ ಮಣಿಕಟ್ಟಿಗೆ ಪಟ್ಟಿ ಸುತ್ತುತ್ತಿದ್ದಳು. ಆಟಗಾರರ ಮೈ ನೋವು, ಮುರಿತ, ಉಳುಕು ಎಲ್ಲ ಅವಳ ಉಸ್ತುವಾರಿ. ವರ್ಲೀನ್ ಬಾಗಿಲಲ್ಲೇ ನಿಂತು, ಒಂದೇ ಉಸಿರಿಗೆ, ಕೇಳಿದ್ದನ್ನೆಲ್ಲ ಹೇಳಿಬಿಟ್ಟಳು.

"ಕ್ಲೀವನ್ ಮಾತು ಕೇಳ್ಕೊಂಡು ಬಂದ್ಯಾ ಅಮ್ಮ?" ಮಾರ್ಕೆಲ್ ನಕ್ಕ. "ಆ ಮನುಷ್ಯ ಬೋಳುತಲೆಯವ್ರಿಗೂ ಕ್ಷೌರ ಮಾಡಿ ಕಳಿಸ್ತಾನೆ."

"ನನ್ ಮುಖ ನೋಡಿ ಹೇಳು. ಸುಳ್ಳಾ?"

ಅವನು ಮುಖ ನೋಡಲಿಲ್ಲ. ಲೈನೆಟ್‌ಳ ಕೈ ಪಟ್ಟಿಯ ಮೇಲೇ ನಿಂತಿತು.

"ಮಾರ್ಕೆಲ್, ಕಾಲು ಮುರಿದ್ರೆ ನನಗೆ ಕಾಣುತ್ತೆ," ಅಂದಳು ಲೈನೆಟ್. "ತಲೆಯೊಳಗಿನದು ನೀನು ಹೇಳಿದ್ರೆ ಉಂಟು, ಇಲ್ದಿದ್ರೆ ಇಲ್ಲ. ಆಗಸ್ಟ್‌ನಲ್ಲಿ ನೀನು ಕೊಟ್ಟ ಉತ್ತರಗಳನ್ನ ನೋಡಿ ನನಗೆ ಒಂಚೂರೂ ಅನುಮಾನ ಬರ್ಲಿಲ್ಲ. ಬೇಕಂತ ತಪ್ಪು ಮಾಡೋರು ಸಿಕ್ಕಿಬೀಳ್ತಾರೆ. ನೀನು ಹೇಗೆ ಸಿಗ್ಲಿಲ್ಲ?"

ಮಾರ್ಕೆಲ್‌ಗೆ ರೇಗಿತು. "ಅದೇನು ಕಷ್ಟ? ಅಪ್ಪ ಊಟದ ಮೇಜಿನಲ್ಲಿ ಹೇಗೆ ಉತ್ತರ ಕೊಡ್ತಾರೋ ಹಾಗೇ ಕೊಟ್ಟೆ! ಮೊದಲನೇದು ಸರಿ, ಎರಡನೇದು ನಿಧಾನ, ಮೂರನೇದಕ್ಕೆ ಮೊದಲನೇದರ ಉತ್ತರ. ನಾಲ್ಕು ವರ್ಷದಿಂದ ನೋಡ್ತಿದೀನಿ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ವರ್ಲೀನ್‌ಗೆ ಗೋಡೆ ಹಿಡಿದುಕೊಳ್ಳಬೇಕಾಯಿತು. ಲೈನೆಟ್ ಅವನ ಪಕ್ಕದಲ್ಲಿದ್ದ ಹೆಲ್ಮೆಟ್ಟನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

"ಇವತ್ತೊಂದು ದಿನ ಆಡಿದ್ದಿದ್ರೆ ಸಾಕಿತ್ತು," ಅಂದ ಮಾರ್ಕೆಲ್. "ಅಪ್ಪನ ಹೆಸರು ಹೇಳಿದ ಬಾಯಲ್ಲೇ ನನ್ನ ಹೆಸರೂ ಹೇಳೋರು. ಆ ಅವಕಾಶ ನೀನು ಕಿತ್ಕೊಂಡ್ಬಿಟ್ಟೆ ಅಮ್ಮ."

ಬದಲಿಗೆ ಬಂದ ಹುಡುಗ ಚೆಂಡನ್ನು ಮೂರು ಬಾರಿ ಎದುರಾಳಿಗಳ ಕೈಗೇ ಎಸೆದ. ತಂಡ ಹೀನಾಯವಾಗಿ ಸೋತಿತು. ಗಂಡನನ್ನು ಕರೆದುಕೊಂಡು ಹೋಗಲು ವರ್ಲೀನ್ ಡೇರೆಗೆ ಬಂದಾಗ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಸಲಾಡನ್ನು ಆಮೇಲೆ ಯಾರೂ ಮುಟ್ಟಿರಲಿಲ್ಲ.

"ನಾನು ಬಿದ್ದೆ, ಎದ್ದೆ," ಅಂದ ಪರ್ವಿಸ್, ಅವಳ ಕಡೆ ನೋಡದೆ. "ಓಥಾ ಬಿದ್ದ, ಎದ್ದ. ಮೂರನೆಯವನನ್ನ ಅವನಮ್ಮ ಕೂರಿಸಿದ್ಲು. ಮುಗೀತು ಲೆಕ್ಕ."

"ವರ್ಲೀನಮ್ಮ, ಬೇಜಾರ್ ಮಾಡ್ಕೋಬೇಡಿ," ಎಂದು ಕ್ಲೀವನ್ ಗಾಯದ ಮೇಲೆ ಬರೆ ಎಳೆದ. "ಹೆತ್ತ ಕರುಳು, ನಮಗೂ ಅರ್ಥ ಆಗುತ್ತೆ. ಆದ್ರೆ ಇನ್ನು ಆ ಹುಡುಗನ್ನ ಓಥಾ ಪಕ್ಕ ನಿಲ್ಸೋಕೆ ಆಗಲ್ಲ, ನೋಡಿ."

"ಎದ್ದವನನ್ನ ನೋಡಿ," ಅಂದಳು ವರ್ಲೀನ್. ಅವಳ ದನಿ ಪಕ್ಕದ ಡೇರೆಗೂ ಕೇಳಿಸಿತು. "ಇಲ್ಲೇ ಕೂತಿದಾನಲ್ಲ. ಮನೆಗೆ ದಾರಿ ಯಾವ್ದು ಅಂತ ಕೇಳಿ ಅವನನ್ನ. ಕೇಳ್ರೋ, ಕೇಳಿ! ನಾನು ಬರದೆ ಹೋದ್ರೆ ನಾಳೆ ಬೆಳಿಗ್ಗೇನೂ ಇದೇ ಕುರ್ಚಿಯಲ್ಲಿ ಕೂತಿರ್ತಾನೆ ನಿಮ್ಮ ದೊಡ್ಡ ಕ್ವಾರ್ಟರ್‌ಬ್ಯಾಕು."

ಯಾರೂ ಕೇಳಲಿಲ್ಲ. ಎಲ್ಲರೂ ತನ್ನ ಕಡೆ ತಿರುಗಿದ್ದು ಕಂಡು ಓಥಾ ಎದ್ದು ನಿಂತು, ತುಂಬಿದ ಕ್ರೀಡಾಂಗಣಕ್ಕೆ ಬೀಸುವಂತೆ ಕೈ ಬೀಸಿದ.

ಆಮೇಲೆ ಮಾರ್ಕೆಲ್ ಮನೆಗೆ ಬರುವುದನ್ನೇ ಬಿಟ್ಟ. ಉಳಿದ ಆಟಗಳಲ್ಲಿ ಬೆಂಚಿನ ಮೇಲೆ ಕೂತು ಊರಿನ ಬಾಯಿಗೆ ಆಹಾರವಾದ. ಪೆಟ್ರೋಲ್ ಬಂಕಿನಲ್ಲಿ ಹಾಲು ಕುಡಿಯುವ ಬಾಟಲಿ ಕೊಡಲೇನಪ್ಪಾ ಎಂದು ಒಬ್ಬ ಕೇಳಿದನಂತೆ. ಜನವರಿಯಲ್ಲಿ ಟೆಕ್ಸಾಸ್‌ನ ಯಾವುದೋ ಕಾಲೇಜು ತನ್ನ ತಂಡಕ್ಕೆ ಅವನನ್ನು ಕರೆಯಿತು. ಒಂದು ಮಾತೂ ಹೇಳದೆ ಹೊರಟುಹೋದ. ವರ್ಲೀನ್ ಲೈನೆಟ್‌ಳ ಬಳಿ ಹೋಗಿ, ಅಲ್ಲಿಯವರಿಗೆ ದಯವಿಟ್ಟು ಹೇಳಿ ಎಂದು ಬೇಡಿಕೊಂಡಳು. ಲೈನೆಟ್ ಆಗಲೇ ಹೇಳಿದ್ದಳು. ಆಗಸ್ಟ್ ಬರಲಿ, ನಮ್ಮ ಪರೀಕ್ಷೆ ನಾವೇ ಮಾಡಿಕೊಳ್ಳುತ್ತೇವೆ ಎಂದು ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು. ಮಗನನ್ನು ಬಾಣಲೆಯಿಂದ ಎತ್ತಿ ತಾನೇ ಬೆಂಕಿಗೆ ಹಾಕಿದೆನೇ ಎಂದು ಅವಳು ಖಾಲಿ ಬಸ್ಸಿನಲ್ಲಿ ಕೂತು ಅತ್ತಳು. ಅತ್ತರೆ ಆಗುವುದೇನು? ಇಪ್ಪತ್ತೊಂದು ದಾಟಿದ ಗಂಡುಮಗನನ್ನು ಕಟ್ಟಿಹಾಕಲು ಯಾವ ತಾಯಿಯ ಬಳಿಯೂ ಹಗ್ಗವಿಲ್ಲ.

ಆಗಸ್ಟ್ ತಿಂಗಳ ಒಂದು ಸಂಜೆ ಅವಳು ಓಥಾನಿಗೆ ಬೀನ್ಸ್ ತಿನ್ನಿಸುತ್ತಿದ್ದಾಗ ಫೋನ್ ಬಂತು. ಏಳು ತಿಂಗಳಲ್ಲಿ ಮಗ ಮಾಡಿದ ಮೊದಲ ಫೋನ್.

"ಅಮ್ಮ, ಇವತ್ತು ಆ ಪರೀಕ್ಷೆ ಮಾಡಿದ್ರು."

ಅವಳು ಚಮಚವನ್ನು ಕೆಳಗಿಟ್ಟಳು. "ಮತ್ತೆ ಅಪ್ಪನ ಥರ ಉತ್ತರ ಕೊಟ್ಯಾ?"

"ಇಲ್ಲ. ನಿನ್ನಾಣೆ. ನೀನು ಅವತ್ತು ಗೋಡೆ ಹಿಡ್ಕೊಂಡಿದ್ದು ಕಣ್ಣ ಮುಂದೆ ಬಂತು. ಈ ಸಲ ನಿಜವಾಗ್ಲೂ ಮನಸ್ಸಿಟ್ಟು ಮಾಡ್ದೆ. ಗೊತ್ತಿರೋದನ್ನೆಲ್ಲ ಸರಿಯಾಗಿ ಹೇಳ್ದೆ."

"ನನ್ನಪ್ಪ, ನನ್ ಬಂಗಾರ," ಅಂದಳು ವರ್ಲೀನ್. "ದೇವರು ದೊಡ್ಡವನು. ಎಷ್ಟು ಬಂತು?"

ಅವಳು ಚಮಚವನ್ನು ಮತ್ತೆ ಎತ್ತಿಕೊಂಡು ಓಥಾನ ಬಾಯಿಗೆ ಬೀನ್ಸ್ ಇಟ್ಟಳು.

"ಹೋದ ವರ್ಷ ಅಪ್ಪನ ಥರ ಉತ್ತರ ಕೊಟ್ಟಾಗ ಬಂದಷ್ಟೇ ಬಂತಮ್ಮ," ಅಂದ ಮಾರ್ಕೆಲ್. "ಇದೇ ನನ್ನ ಅಳತೆ ಅಂತ ಇಟ್ಕೊಂಡ್ರು. ಮುಂದಿನ ತಿಂಗಳು ಮೊದಲನೇ ಆಟ."