ತೂಕ ಹಾಕಿದ ಅನ್ನ

ಮಗಳ ಬಾಣಂತನ ಮುಗಿಸಿ ತಿರುಪ್ಪೂರಿನಿಂದ ವಡವಳ್ಳಿಯ ಮನೆಗೆ ಮರಳಿದ ಪದ್ಮಾಕ್ಷಿ, ಚೀಲ ಇಳಿಸಿದವಳೇ ನೇರವಾಗಿ ಅಡುಗೆಮನೆಗೆ ಹೋದಳು. ಇಷ್ಟು ದಿನ ಗಂಡನ ಕೈಗೆ ಬಿಟ್ಟ ಅಡುಗೆಮನೆ ಹೇಗಿರುತ್ತದೆಂದು ಬಸ್ಸಿನಲ್ಲೇ ಊಹಿಸಿಕೊಂಡಿದ್ದಳು: ತಳ ಹಿಡಿದ ಹಾಲಿನ ಪಾತ್ರೆ, ಹುಳ ಬಿದ್ದ ರವೆ, ಜಿಡ್ಡುಗಟ್ಟಿದ ಒಲೆ. ಅದೊಂದೂ ಇರಲಿಲ್ಲ. ಒಲೆ ಫಳಫಳ ಹೊಳೆಯುತ್ತಿತ್ತು. ಉಪ್ಪಿನಕಾಯಿ ಜಾಡಿಗಳಿದ್ದ ಜಾಗದಲ್ಲಿ ದೊಡ್ಡದೊಂದು ಕಪ್ಪು ಡಬ್ಬಿ, ಅದರ ಪಕ್ಕದಲ್ಲಿ ಅಂಗೈಯಗಲದ ತಕ್ಕಡಿ.

"ಏನಂದ್ರೆ, ಇದೇನಿದು?"

"ಪ್ರೋಟೀನ್ ಪೌಡರ್," ಎಂದ ಸುಬ್ರಹ್ಮಣ್ಯ, ಅವಳ ಮುಖ ನೋಡದೆ. "ಜಿಮ್ ಸೇರಿದೀನಿ. ಅನ್ನ ತೂಕ ಹಾಕಿ ತಿನ್ನಬೇಕಂತೆ, ಅದಕ್ಕೆ ತಕ್ಕಡಿ."

ಪದ್ಮಾಕ್ಷಿ ನಕ್ಕುಬಿಟ್ಟಳು. ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ವಿನ್ಯಾಸ ವಿಭಾಗದ ಮುಖ್ಯಸ್ಥನಾಗಿದ್ದ ಈ ಮನುಷ್ಯ ಮಠದ ಊಟದ ಪಂಕ್ತಿಯಲ್ಲಿ ಯಾವಾಗಲೂ ಕೊನೆಗೆ ಏಳುವವನು. ಎರಡನೆಯ ಸಲ ಬಡಿಸಿದ ಪಾಯಸಕ್ಕೂ ಎಲೆಯ ಮೇಲೆ ಕೈ ಅಡ್ಡ ಹಿಡಿದವನಲ್ಲ. ಮೂಲೆ ಅಂಗಡಿಗೂ ಸ್ಕೂಟರ್‌ನಲ್ಲೇ ಹೋಗುತ್ತಿದ್ದ. ಸಂಜೆ ಒಂದು ಗಂಟೆ ನಡೆಯಿರಿ ಎಂದು ಅವಳು ವರ್ಷಗಟ್ಟಲೆ ಬೇಡಿಕೊಂಡರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಯಾರೂ ಹೇಳದೆ, ಅವಳು ಊರಲ್ಲಿಲ್ಲದ ಹೊತ್ತಿನಲ್ಲಿ, ತಾನಾಗಿಯೇ ಜಿಮ್ ಸೇರಿದ್ದಾನೆ. ನಗು ಬಂದಷ್ಟೇ ಬೇಗ ಹೋಯಿತು. ಅದರ ಜಾಗದಲ್ಲಿ ಬೇರೇನೋ ಬಂದು ಕೂತಿತು.

ಅವಳು ಸಾಯಿಬಾಬಾ ಕಾಲೊನಿಯ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಪರೀಕ್ಷೆಯ ಕೊಠಡಿಯಲ್ಲಿ ಅತ್ತಿತ್ತ ನೋಡುವ ಹುಡುಗನ ಬಗ್ಗೆ ಅವಳಿಗೆಂದೂ ಅನುಮಾನ ಹುಟ್ಟುತ್ತಿರಲಿಲ್ಲ. ತಲೆಯೆತ್ತದೆ, ಅಚ್ಚುಕಟ್ಟಾಗಿ, ಒಂದೇ ಸಮನೆ ಬರೆಯುವ ಹುಡುಗನ ಬಳಿ ಹೋಗಿ ನಿಲ್ಲುತ್ತಿದ್ದಳು. ಈಗ ಗಂಡನೂ ಹಾಗೆಯೇ ಇದ್ದ. ಬೆಳಕು ಹರಿಯುವ ಮೊದಲೇ ಏಳುತ್ತಿದ್ದ. ನೆನೆಸಿಟ್ಟ ಹೆಸರುಕಾಳು ತಿನ್ನುತ್ತಿದ್ದ. ಹೊಸ ಬೂಟು ಹಾಕಿಕೊಂಡು ಮರುದಮಲೈ ರಸ್ತೆಯ ಜಿಮ್‌ಗೆ ಹೋಗಿ ಬರುತ್ತಿದ್ದ. ಹಾಗಲಕಾಯಿಯನ್ನೂ ತಕರಾರಿಲ್ಲದೆ ತಿನ್ನುತ್ತಿದ್ದ. "ಬಜ್ಜಿ ಹಾಕಲಾ?" ಎಂದು ಬೇಕೆಂದೇ ಕೇಳಿದರೆ, "ಬೇಡ ಪದ್ಮಾ" ಎಂದು ಮೆತ್ತಗೆ ಹೇಳುತ್ತಿದ್ದ.

ತಿರುಪ್ಪೂರಿಗೆ ಫೋನ್ ಮಾಡಿದರೆ ಮಗಳು ಪದ್ಮಪ್ರಿಯಾ, "ಅಮ್ಮಾ, ನಡೀಲಿಲ್ಲ ಅಂದ್ರೂ ಬೈತೀಯಾ, ನಡೆದ್ರೂ ಬೈತೀಯಾ. ಅಪ್ಪ ಪಾವಂ, ಬಿಟ್ಬಿಡು," ಎಂದಳು.

ಪದ್ಮಾಕ್ಷಿ ಬಿಡಲಿಲ್ಲ. ಒಂದು ಮಧ್ಯಾಹ್ನ ಬಟ್ಟೆ ನೆನೆಹಾಕುವಾಗ ಗಂಡನ ಅಂಗಿಯ ಜೇಬಿನಲ್ಲಿ ಒಡೆದುಹೋಗಿದ್ದ ಮಾತ್ರೆಯೊಂದು ಕೈಗೆ ಅಂಟಿತು. ಜೇನಿನ ಬಣ್ಣದ, ಮೆತ್ತನೆಯ, ಎಣ್ಣೆ ತುಂಬಿದ ಮಾತ್ರೆ. ಬೆರಳನ್ನು ಮೂಗಿನ ಹತ್ತಿರ ತಂದಳು. ಉಕ್ಕಡಂ ಕೆರೆಯ ಏರಿಯ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ನುಗ್ಗುವ ವಾಸನೆ. ಮೀನು!

ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಮನೆ ಅದು. ಏಕಾದಶಿಯ ದಿನ ನೀರು ಕುಡಿಯುವುದಕ್ಕೂ ಯೋಚಿಸುತ್ತಿದ್ದ ಅತ್ತೆ ಬಾಳಿದ ಮನೆ. ಅವಳು ಸೋಪು ಹಾಕಿ ಕೈ ತೊಳೆದಳು, ಮತ್ತೆ ತೊಳೆದಳು. ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಇದನ್ನು ನುಂಗಲು ಒಪ್ಪಿದ ಮನುಷ್ಯ ಇನ್ನೇನಕ್ಕೆಲ್ಲ ಒಪ್ಪಿರಬಹುದು? ಒಪ್ಪಿಸಿದವರು ಯಾರು?

ಕೇಳಲಿಲ್ಲ. ಕೇಳಿದರೆ ಎಚ್ಚೆತ್ತುಕೊಳ್ಳುತ್ತಾನೆ ಎಂದುಕೊಂಡು ಅಂಗಿಯನ್ನು ಒಗೆದು ಒಣಹಾಕಿದಳು.

ಮರುದಿನ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಫೋನಿನಲ್ಲಿ ಧ್ವನಿ ಸಂದೇಶವೊಂದು ಬಂತು. ಪದ್ಮಾಕ್ಷಿ ಒತ್ತಿಯೇಬಿಟ್ಟಳು. ಚಿಕ್ಕ ವಯಸ್ಸಿನ ಹೆಣ್ಣಿನ ದನಿ. "ಸಾರ್, ನೆನ್ನೆ ಥರ ಮತ್ತೆ ಬಂದ್ರೆ ಆವಾಗ್ಲೇ, ಉಡನೇ ಫೋನ್ ಮಾಡಿ. ಚುಮ್ಮಾ ಇರಬೇಡಿ, ಶರಿಯಾ?"

ನಡುನಡುವೆ ತಮಿಳು ಬೆರೆತಿದ್ದರೂ ಅದು ಕನ್ನಡ. ಪೂರ್ತಿ ತಮಿಳಿನಲ್ಲಿದ್ದಿದ್ದರೆ ಅವಳಿಗೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ. ಬೀದಿ, ಅಂಗಡಿ, ಆಫೀಸು ಎಲ್ಲ ತಮಿಳಿನಲ್ಲಿ ನಡೆಯುವ ಊರಿನಲ್ಲಿ ಕನ್ನಡವೆಂದರೆ ಮನೆಯೊಳಗಿನವರ ಮಾತು. ಈ ಹುಡುಗಿ ಯಾರು, ಮನೆಯವಳ ಹಾಗೆ ಮಾತಾಡುವವಳು?

ತಲೆ ಒರೆಸಿಕೊಳ್ಳುತ್ತಾ ಬಂದ ಗಂಡನನ್ನು, "ನೆನ್ನೆ ಏನಾಯ್ತು?" ಎಂದು ಕೇಳಿದಳು.

ಅವನು ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ. "ನೆನ್ನೆಯಾ? ಒಣ್ಣುಮಿಲ್ಲ, ಏನೂ ಇಲ್ಲ. ಸ್ವಲ್ಪ ಮಂಡಿ ಹಿಡ್ಕೊಂಡಿತ್ತು."

ಸುಳ್ಳು. ಅವನು ಮಂಡಿ ಹಿಡಿದುಕೊಂಡು ನಡೆದದ್ದನ್ನು ಅವಳು ಕಂಡಿರಲಿಲ್ಲ.

ಅವನು ಕಾರ್ಖಾನೆಗೆ ಹೊರಟ ಮೇಲೆ ಸೀರೆ ಬದಲಿಸಿಕೊಂಡು ಆಟೋ ಹತ್ತಿದಳು. ಜಿಮ್ ಇದ್ದದ್ದು ಬೇಕರಿಯ ಮೇಲಿನ ಮಹಡಿಯಲ್ಲಿ. ಬೆಳಗಿನ ಜನ ಹೋಗಿಯಾಗಿತ್ತು. ಕಪ್ಪು ಟೀಶರ್ಟಿನ ಹುಡುಗಿಯೊಬ್ಬಳು ಕಬ್ಬಿಣದ ಬಿಲ್ಲೆಗಳನ್ನು ಗೋಡೆಗೆ ಜೋಡಿಸುತ್ತಿದ್ದಳು. ಅವಳ ಬೆನ್ನ ಹಿಂದೆ ಗಾಜಿನ ಕಪಾಟಿನ ತುಂಬ ಡಬ್ಬಿಗಳು. ಓಹೋ, ಅಂಗಡಿಯೂ ಇಲ್ಲೇ ಇದೆ ಎಂದುಕೊಂಡಳು ಪದ್ಮಾಕ್ಷಿ.

"ನಾನು ಸುಬ್ರಹ್ಮಣ್ಯ ಅವರ ಹೆಂಡತಿ," ಎಂದು ತಮಿಳಿನಲ್ಲಿ ಹೇಳಿದಳು.

ಹುಡುಗಿಯ ಮುಖ ಅರಳಿತು. "ಬನ್ನಿ ಬನ್ನಿ. ನಾನು ಜಯಪ್ರಿಯಾ. ಕನ್ನಡದಲ್ಲೇ ಮಾತಾಡಿ ಮೇಡಂ, ನಮ್ದು ಪೊಳ್ಳಾಚಿ ಪಕ್ಕ. ಮನೇಲಿ ಕನ್ನಡಾನೇ, ಆದ್ರೆ ಓದಾಕೆ ಬರೆಯಾಕೆ ಬರಾದಿಲ್ಲ." ಸ್ಟೂಲು ಎಳೆದು ಹಾಕಿದಳು. "ನೀವು ಬಂದಿದ್ದು ನಲ್ಲದಾಯ್ತು. ನಾನೇ ಫೋನ್ ಮಾಡಾಣ ಅಂತಿದ್ದೆ. ಆ ಟೆಸ್ಟ್ ಮಾಡಿಸಿದ್ರಾ?"

ಪದ್ಮಾಕ್ಷಿ ಜಗಳದ ಮೊದಲ ಮಾತನ್ನು ಆಟೋದಲ್ಲೇ ಸಿದ್ಧಮಾಡಿಕೊಂಡು ಬಂದಿದ್ದಳು. ಅದನ್ನು ಬಿಟ್ಟು ಕೇಳಿದಳು: "ಯಾವ ಟೆಸ್ಟು?"

ಹುಡುಗಿ ಅವಳನ್ನೇ ನೋಡಿದಳು. "ಎದೆ ಟೆಸ್ಟು. ಮೇಡಂ, ನಿಮಗೆ ಗೊತ್ತು ಅಂತ ಸಾರ್ ಸೊಲ್ಲಿದ್ರಲ್ಲ?"

ಆಮೇಲೆ ಎಲ್ಲ ಹೊರಬಿತ್ತು. ಪದ್ಮಾಕ್ಷಿ ತಿರುಪ್ಪೂರಿನಲ್ಲಿದ್ದಾಗ ಕಾರ್ಖಾನೆಯ ಮೆಟ್ಟಿಲು ಹತ್ತುವಾಗ ಸುಬ್ರಹ್ಮಣ್ಯನಿಗೆ ಎದೆ ಬಿಗಿದಿತ್ತು. ಡಾಕ್ಟರು, ರಕ್ತದಲ್ಲಿ ಕೊಬ್ಬು ಜಾಸ್ತಿ ಇದೆ, ತೂಕ ಇಳಿಸಿಕೊಳ್ಳಿ, ಹೃದಯದ ಇನ್ನೊಂದು ಪರೀಕ್ಷೆ ಮಾಡಿಸಿ ಎಂದಿದ್ದರು. ಮೊದಲ ಎರಡನ್ನು ಹಿಡಿದುಕೊಂಡು ಅವನು ಇಲ್ಲಿಗೆ ಬಂದಿದ್ದ. ಮೂರನೆಯದನ್ನು ಇವತ್ತು ನಾಳೆ ಎಂದು ಮುಂದೂಡುತ್ತಿದ್ದ. ನೆನ್ನೆ ಯಾರೋ ಹುಡುಗರ ಮಾತು ಕೇಳಿ, ಬೇಗ ಹುರುಪು ಬರುವ ಇನ್ನೊಂದು ಪುಡಿ ಕುಡಿದು ಬಂದು, ಓಡುವ ಯಂತ್ರದ ಮೇಲೆ ಎದೆ ಹಿಡಿದು ಕೂತುಬಿಟ್ಟಿದ್ದ.

"ಆ ಪುಡಿ ನಾನು ಕೊಟ್ಟಿದ್ದಲ್ಲ ಮೇಡಂ, ಸತ್ಯವಾಗ್ಲೂ. ಡಾಕ್ಟ್ರು ಸೊಲ್ಲೋವರೆಗೂ ಬರಬೇಡಿ ಅಂದುಬಿಟ್ಟೆ."

"ಮೀನೆಣ್ಣೆ ಮಾತ್ರೆ?"

ಜಯಪ್ರಿಯಾ ತಲೆ ತಗ್ಗಿಸಿದಳು. "ಅದು ನಾನೇ. ನೀವು ಐಯರ್ ಥರ, ಮೀನು ಮುಟ್ಟಾದಿಲ್ಲ ಅಂತ ಗೊತ್ತಾದ ಮೇಲೆ ಬೇಡ ಅಂದೆ. ಸಾರ್ ಪರವಾಗಿಲ್ಲ ಅಂದ್ರು. ಡಾಕ್ಟ್ರನ್ನ ಕೇಳದೆ ನಾನು ಕೊಡಬಾರದಿತ್ತು."

ಪದ್ಮಾಕ್ಷಿಗೆ ಮೀನು ಮರೆತೇಹೋಗಿತ್ತು. ಮೂವತ್ತು ವರ್ಷ ಜೊತೆಗೆ ಬಾಳಿದವನ ಎದೆನೋವು ಈ ಹುಡುಗಿಗೆ ಗೊತ್ತು, ತನಗೆ ಗೊತ್ತಿಲ್ಲ. ಅವಳು ಏನೇನೋ ಶಂಕಿಸಿದ್ದಳು, ಇದೊಂದನ್ನು ಬಿಟ್ಟು. ಕೆಳಗಿಳಿಯುವಾಗ ಮೆಟ್ಟಿಲ ಪಕ್ಕದ ಕಂಬಿ ಹಿಡಿದುಕೊಂಡಳು.

ಸುಬ್ರಹ್ಮಣ್ಯ ಸಂಜೆ ಬಂದಾಗ ಅವಳು ಕಾಫಿ ಕೊಡಲಿಲ್ಲ. "ಜಿಮ್‌ಗೆ ಹೋಗಿದ್ದೆ," ಎಂದಳು.

ಅವನು ಕುರ್ಚಿಯ ಅಂಚಿನಲ್ಲಿ ಕೂತ. ಬೂಟಿನ ದಾರ ಬಿಚ್ಚುತ್ತಾ ಹೇಳಿದ. "ನೀನು ಅಲ್ಲಿ ಹಸುಗೂಸು ನೋಡ್ಕೊಂಡು ಇದ್ದೆ. ಹೇಳಿದ್ರೆ ಅಲ್ಲಿಂದ ಓಡಿ ಬರ್ತಿದ್ದೆ. ಮಗಳ ಗತಿ?"

"ಬಂದ ಮೇಲೆ?"

"ಬಂದ ಮೇಲೆ... ಸ್ವಲ್ಪ ಸಣ್ಣಗಾಗಿ, ಎಲ್ಲ ಸರಿಹೋದ ಮೇಲೆ ಹೇಳೋಣ ಅಂತಿದ್ದೆ. ಟೆಸ್ಟ್‌ನಲ್ಲಿ ಏನಾದ್ರೂ ಬಂದ್ರೆ ಅಂತ ಹೆದರಿಕೆ ಆಯ್ತು, ಪದ್ಮಾ."

ಅವಳು ಬೈಯಬೇಕೆಂದಿದ್ದಳು. ಬದಲಿಗೆ ಅತ್ತಳು. ಅತ್ತು ಮುಗಿದ ಮೇಲೆ ಬೈದಳು.

ಮರುದಿನ ಅವಳೇ ಆಸ್ಪತ್ರೆಗೆ ಕರೆದೊಯ್ದಳು. ಪರೀಕ್ಷೆಯಲ್ಲಿ ರಕ್ತನಾಳವೊಂದು ಕಿರಿದಾಗಿರುವುದು ಕಂಡಿತು. ಸದ್ಯಕ್ಕೆ ಕೊಯ್ಯುವ ಅಗತ್ಯವಿಲ್ಲ, ಮಾತ್ರೆ ಸಾಕು ಎಂದರು ಡಾಕ್ಟರು. ಪದ್ಮಾಕ್ಷಿ ಜೊತೆಗೆ ತಂದಿದ್ದ ಹುರುಪಿನ ಪುಡಿಯನ್ನು ತಾವೇ ಕಸದಬುಟ್ಟಿಗೆ ಹಾಕಿದರು. ಮೀನೆಣ್ಣೆಯೂ ಬೇಡ ಎಂದರು. ಬೇಳೆ, ಮೊಸರು, ಬೇಯಿಸಿದ ಕಾಳಿನ ಸುಂಡಲ್ ಸರಿಯಾಗಿ ತಿಂದರೆ ದೊಡ್ಡ ಡಬ್ಬಿಯೂ ಬೇಕಾಗಿಲ್ಲ. ಕೆಲವು ವಾರ ಬರೀ ನಡಿಗೆ, ಆಮೇಲೆ ಮೆಲ್ಲಗೆ ವ್ಯಾಯಾಮ.

"ಒಬ್ಬರೇ ಬೇಡ," ಎಂದು ಸೇರಿಸಿದರು. ಪದ್ಮಾಕ್ಷಿ ಆ ಮಾತಿಗೇ ಕಾಯುತ್ತಿದ್ದವಳಂತೆ ತಲೆಯಾಡಿಸಿದಳು.

ಈಗ ಜಿಮ್‌ಗೆ ಇಬ್ಬರೂ ಹೋಗುತ್ತಾರೆ. ಜಯಪ್ರಿಯಾ ಪದ್ಮಾಕ್ಷಿಗೆ ಕುರ್ಚಿಯಿಂದ ಕೈಯೂರದೆ ಏಳುವುದನ್ನು ಕಲಿಸಿದ್ದಾಳೆ. ಮಂಡಿ ನೋವು ನಿಜಕ್ಕೂ ಇದ್ದದ್ದು ಪದ್ಮಾಕ್ಷಿಗೇ. ಅನುಮಾನ ಮಾತ್ರ ಬಿಟ್ಟುಹೋಗಿಲ್ಲ. ಗಂಡ ಒಂದು ಹೆಜ್ಜೆ ನಿಧಾನ ಮಾಡಿದರೂ ಅವಳ ಕಣ್ಣು ಅವನ ಎದೆಯ ಕಡೆ ಹೋಗುತ್ತದೆ.

ಮೊನ್ನೆ ಮರುದಮಲೈ ರಸ್ತೆಯ ಏರಿನಲ್ಲಿ ಅವನು ತಟ್ಟನೆ ನಿಂತ.

"ಏನಾಯ್ತು?"

"ಒಣ್ಣುಮಿ..." ಎಂದು ಶುರು ಮಾಡಿದವನು ಅವಳ ಮುಖ ನೋಡಿ ನಿಲ್ಲಿಸಿದ. ಮೈಯೊಳಗೆ ಹುಡುಕಿ ನೋಡುವವನ ಹಾಗೆ ಒಂದೊಂದಾಗಿ ಹೇಳಿದ. "ಎದೆ ಅಲ್ಲ. ಉಸಿರು ಸ್ವಲ್ಪ ಜಾಸ್ತಿ ಆಯ್ತು. ಎಡಗಾಲಿನ ಮೀನಖಂಡ ಹಿಡ್ಕೊಂಡಿದೆ. ಮತ್ತೆ, ಆ ಬೇಕರಿ ವಾಸನೆಗೆ ಹಸಿವು."

ಪದ್ಮಾಕ್ಷಿ ಅದರಲ್ಲಿ ಅರ್ಧ ನಂಬಿದಳು. ಹೂವಿನ ಅಂಗಡಿಯ ಬೆಂಚಿನ ಮೇಲೆ ಅವನನ್ನು ಕೂರಿಸಿ, ಉಸಿರು ಹದಕ್ಕೆ ಬರುವವರೆಗೂ ಮಣಿಕಟ್ಟು ಹಿಡಿದು ಪಕ್ಕದಲ್ಲೇ ಕೂತಳು.