ಬ್ರೇಕಿಗೆ ಹೋಗದ ಕಾಲು

ಮಾವನ ಪೈಪು ಒಂದು ಮೊಳ ಉದ್ದವಿತ್ತು. ಹಳೆಯ ನಲ್ಲಿಯ ಕಬ್ಬಿಣದ ಕೊಳವೆಯಿಂದ ಕತ್ತರಿಸಿ ತುದಿಗೆ ಸೈಕಲ್ ಟ್ಯೂಬು ಸುತ್ತಿದ್ದರು. ಟ್ಯೂಬು ಸುತ್ತಿದ್ದು ಕರುಣೆಯಿಂದಲ್ಲ. ಏಟು ಬಿದ್ದ ಜಾಗ ಒಡೆದು ರಕ್ತ ಬಂದರೆ ಸೀಟು ಕೊಳೆಯಾಗುತ್ತದೆ, ಕಾರು ಕಂಪನಿಯವರದು ಎಂಬ ಮುಂದಾಲೋಚನೆಯಿಂದ. ಅಳಿಯ ಸ್ಟಿಯರಿಂಗ್ ಹಿಂದೆ ಕೂರುತ್ತಿದ್ದ, ಮಾವ ಪಕ್ಕದ ಸೀಟಿನಲ್ಲಿ. ಅಳಿಯನ ಬಲಗಾಲು ಬ್ರೇಕಿನ ಕಡೆ ಒಂದಂಗುಲ ಸರಿದರೂ ಸಾಕು, ಮೊಣಕಾಲಿನ ಕೆಳಗಿನ ಮೂಳೆಗೆ ಸರಿಯಾಗಿ ಒಂದು ಬೀಳುತ್ತಿತ್ತು.

ಕೆಲಸವೇ ಅಂಥದ್ದು ಅನ್ನಿ. ಊರಾಚೆಯ ಆ ಅಂಗಳದಲ್ಲಿ ಹೊಸ ಕರೆಂಟು ಕಾರುಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಿ ನೋಡುತ್ತಿದ್ದರು. ಎದುರಿಗೆ ಮನುಷ್ಯ ಬಂದರೆ ಯಾವ ಕಾರು ತಾನೇ ಬ್ರೇಕು ಹಾಕುತ್ತದೆ, ಯಾವುದು ಗೆರೆ ದಾಟದೆ ಓಡುತ್ತದೆ, ಮುಂದಿನ ಗಾಡಿಯಿಂದ ಎಷ್ಟು ದೂರ ಉಳಿಸಿಕೊಳ್ಳುತ್ತದೆ, ಎಲ್ಲಕ್ಕೂ ಅಂಕ. ಅಂಕದ ಪಟ್ಟಿ ಕಾರುಗಳ ಬಗ್ಗೆ ಬರೆಯುವ ಒಂದು ಪತ್ರಿಕೆಗೆ ಹೋಗುತ್ತಿತ್ತು. ಕಾರು ತಾನೇ ನಿಲ್ಲುತ್ತದೋ ಇಲ್ಲವೋ ಎಂದು ನೋಡುವಾಗ ಡ್ರೈವರು ಮಧ್ಯೆ ಬ್ರೇಕು ಒತ್ತಿದರೆ ಆ ಓಟವೇ ದಂಡ. ಹಾಗಾಗಿ ಕೈ ತೊಡೆಯ ಮೇಲೆ, ಕಾಲು ಸೀಟಿನ ಬುಡಕ್ಕೆ. ಮಾವ ಸೀಟಿ ಊದಿದರೆ ಮಾತ್ರ ಬ್ರೇಕು. ಈ ಮೂರು ಸಾಲನ್ನು ತಮ್ಮ ಕೈಯಿಂದಲೇ ಬರೆದು ಪ್ರತಿ ಕಾರಿನ ಡ್ಯಾಶ್‌ಬೋರ್ಡಿಗೂ ಅಂಟಿಸಿದ್ದರು. ಬೇರೆ ಕಡೆ ಇದನ್ನೆಲ್ಲ ಬಾಯಿಮಾತಲ್ಲಿ ಕಲಿಸುತ್ತಾರಂತೆ. ಮಾವನದು ದಂಡಂ ದಶಗುಣಂ.

ಎದುರಿಗೆ ಬರುವ ಮನುಷ್ಯ ಅಂದರೆ ಬೊಂಬೆ. ಸ್ಪಂಜು ತುಂಬಿದ ಮೈ, ಕಾಲಿನಡಿ ಗಾಲಿ ಹಲಗೆ, ಹಲಗೆಗೆ ಹಗ್ಗ. ಲೇನಿನ ಎಡಗಡೆ ನಿಂತು ಹಗ್ಗ ಎಳೆದರೆ ಅದು ರಸ್ತೆ ದಾಟುವವನ ಹಾಗೆ ತೇಲಿ ಬರುತ್ತಿತ್ತು. ಎಲ್ಲರೂ ಅದನ್ನು ಬಡಪಾಯಿ ಎಂದು ಕರೆಯುತ್ತಿದ್ದರು. ಕಾರು ನಿಂತರೆ ಬಡಪಾಯಿ ಬದುಕಿಕೊಂಡ. ನಿಲ್ಲದಿದ್ದರೆ ತಲೆ ಒಂದು ಕಡೆ, ತೋಳು ಒಂದು ಕಡೆ, ಹೊಟ್ಟೆಯ ಸ್ಪಂಜು ಗಾಜಿನ ಮೇಲೆ. ಅದನ್ನೆಲ್ಲ ಆರಿಸಿ ಮೂಟೆ ಕಟ್ಟಿ ಹೆಗಲ ಮೇಲೆ ಹೊತ್ತು ಲೇನು ದಾಟಿ ಹೊಲಿಗೆ ಕೋಣೆಗೆ ಒಯ್ಯುವವಳು ಮಾವನ ಮಗಳು, ಅಂದರೆ ಅಳಿಯನ ಹೆಂಡತಿ. ದಿನಕ್ಕೆ ಆರು ಸಲವಾದರೂ ಹೊಲಿಯುತ್ತಿದ್ದಳು. ಅವಳ ಎಡಗೈಯ ಕಿರುಬೆರಳು ಸೊಟ್ಟ. ಹತ್ತು ವರ್ಷದವಳಿದ್ದಾಗ ಹೊಲಿಗೆ ತಪ್ಪಿತೆಂದು ಅಪ್ಪ ಅದನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಹಾಕಿದ್ದರು. ಬಡಪಾಯಿಗೆ ಬಟ್ಟೆ ಬೇಕಲ್ಲ, ಅಪ್ಪನ ಹಳೆಯ ಚೌಕಳಿ ಅಂಗಿಗಳನ್ನೇ ಹಾಕುತ್ತಿದ್ದಳು. ಕೇಳಿದವರಿಗೆ, ಹತ್ತಿ ಬಟ್ಟೆ, ಚೆನ್ನಾಗಿ ಬಾಳಿಕೆ ಬರುತ್ತೆ ಅನ್ನುತ್ತಿದ್ದಳು. ಮಾವ ಅದನ್ನು ಗಮನಿಸಿರಲೇ ಇಲ್ಲ. ಅವರು ಬೊಂಬೆಯ ಮುಖವನ್ನಾಗಲಿ ಮಗಳ ಮುಖವನ್ನಾಗಲಿ ನೋಡಿ ಮಾತಾಡಿದವರಲ್ಲ.

ಆ ತಿಂಗಳು ಮೂರು ಕಾರು ಬಂದಿದ್ದವು. ಬಿಳಿಯದಕ್ಕೆ ಗೊಣಗಿ ಅಂತ ಹೆಸರು ಬಿತ್ತು. ಗಾಳಿಗೆ ಕಾಗದ ಹಾರಿದರೂ ಕಿಂಯ್ ಕಿಂಯ್ ಅನ್ನೋದು, ಆಮೇಲೆ ಬಡಪಾಯಿಯಿಂದ ಹತ್ತು ಮಾರು ದೂರದಲ್ಲೇ ಬೆದರಿ ನಿಂತುಬಿಡೋದು. ನೀಲಿಯದು ಗುಮ್ಮಿ. ಕಡೆಯ ಗಳಿಗೆಯವರೆಗೂ ತುಟಿ ಬಿಚ್ಚದೆ ಬಂದು ಬಡಪಾಯಿಯ ಅಂಗಿ ಗುಂಡಿಗೆ ಮೂತಿ ತಾಗುವಷ್ಟರಲ್ಲಿ ನಿಲ್ಲೋದು. ಕೆಂಪಿನದು ಹಠಮಾರಿ. ಅದು ಗೆರೆ ಬಿಟ್ಟು ಕದಲುತ್ತಿರಲಿಲ್ಲ. ನೀವು ಸ್ಟಿಯರಿಂಗ್ ತಿರುಗಿಸಿದರೆ ಜಟ್ಟಿಯ ಹಾಗೆ ಹಿಡಿದು ವಾಪಸು ತಿರುಗಿಸೋದು. ನಿಂತ ಮನುಷ್ಯನನ್ನು ಕಂಡರೆ ನಿಲ್ಲೋದು. ಆದರೆ ಬಗ್ಗಿ ಕೂತವರು ಅದರ ಕಣ್ಣಿಗೆ ಕಾಣುತ್ತಿರಲಿಲ್ಲ. ಬಡಪಾಯಿಯನ್ನು ಮಂಡಿಯೂರಿ ಕೂರಿಸಿದಾಗಲೆಲ್ಲ ಅದು ಒಂದಿಷ್ಟೂ ಅಳುಕದೆ ಮೇಲೆ ಹಾದು ಹೋಯಿತು. ಏಳು ಓಟ, ಏಳು ಸಲ ತಲೆ ಕಿತ್ತು ಬಂತು. ಅಂಥ ಹೊತ್ತಲ್ಲೇ ಅಳಿಯನ ಕಾಲು ಅದರ ಪಾಡಿಗೆ ಬ್ರೇಕಿಗೆ ಹೋಗುತ್ತಿದ್ದುದು, ಪೈಪು ಬೀಳುತ್ತಿದ್ದುದು.

ಅಳಿಯ ಕೆಲಸಕ್ಕೆ ಸೇರಿ ಅದು ಒಂಬತ್ತನೆಯ ತಿಂಗಳು, ಕಾಲು ಪಾಠ ಕಲಿಯಿತು. ಎದುರಿಗೆ ಯಾರಾದರೂ ಬಂದರೆ ಹಿಂದಕ್ಕೆ ಸರಿದು ಸೀಟಿನ ಬುಡ ಹಿಡಿಯತೊಡಗಿತು. ಮಾವ ಬಹಳ ಹಿಗ್ಗಿದರು.

ಹಿಗ್ಗಿದ ವಾರವೇ ಅನಾಹುತವಾಯಿತು. ಅಳಿಯ ಅಂಗಳದ ಹಳೆಯ ವ್ಯಾನಿನಲ್ಲಿ ಸ್ಪಂಜು ತರಲು ಪೇಟೆಗೆ ಹೋಗಿದ್ದ. ವ್ಯಾನಿಗೆ ಕಣ್ಣೂ ಇಲ್ಲ, ಬುದ್ಧಿಯೂ ಇಲ್ಲ. ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ಅಡ್ಡ ಬಂದ. ಅಳಿಯನಿಗೆ ಎಲ್ಲವೂ ಕಂಡಿತು, ಸೈಕಲ್ಲಿನ ಗಂಟೆಯ ತುಕ್ಕು ಕೂಡ ಕಂಡಿತು. ಕಾಲು ಹಿಂದಕ್ಕೆ ಹೋಯಿತು. ಮುದುಕ ಸೈಕಲ್ ಬಿಟ್ಟು ಹಾರಿಕೊಂಡ. ಸೈಕಲ್ಲು ಚಕ್ರದಡಿ ಹಪ್ಪಳವಾಯಿತು. ಜನ ಅಳಿಯನನ್ನು ಕೊರಳಪಟ್ಟಿ ಹಿಡಿದು ಹೊರಗೆಳೆದರು. ಹಣ್ಣಿನ ಅಂಗಡಿಯವನು ತಕ್ಕಡಿ ಕಲ್ಲಿನಿಂದ ಬೆನ್ನಿಗೆ ಗುದ್ದಿದ. ಯಾರದೋ ಉಂಗುರ ತುಟಿ ಸೀಳಿತು. ಕುಡಿದಿದ್ದೀಯಾ ಎಂದು ಕೇಳಿ ಕೇಳಿ ಹೊಡೆದರು. ಅವನು ಇಲ್ಲ ಅಂದಷ್ಟೂ ಹೊಡೆದರು. ಕುಡಿದಿದ್ದೇನೆ ಅಂದಿದ್ದರೆ ಬೇಗ ಬಿಡುತ್ತಿದ್ದರೋ ಏನೋ.

ಮನೆಗೆ ಬಂದವನ ತುಟಿಗೆ ಹೆಂಡತಿ ಬಿಸಿನೀರಿನ ಬಟ್ಟೆ ಒತ್ತಿದಳು. ಅವನು ಕಾಲು ತೋರಿಸಿದ. ಮೊಣಕಾಲಿನ ಕೆಳಗೆ ಮೂಳೆಯುದ್ದಕ್ಕೂ ಗಂಟುಗಂಟು, ನೇರಳೆ ಬಣ್ಣ.

"ಇದು ನನ್ನ ಮಾತು ಕೇಳ್ತಿಲ್ಲ ಕಣೇ," ಅಂದ. "ನೀನು ದಿನಾ ಬೊಂಬೆ ಹೊತ್ಕೊಂಡು ಆ ಲೇನು ದಾಟ್ತೀಯ. ಒಂದಿನ ನೀನು ಬಗ್ಗಿರ್ತೀಯ, ನಾನು ಹಠಮಾರಿ ಒಳಗಿರ್ತೀನಿ. ಆಗೇನು ಮಾಡ್ಲಿ?"

ಅವಳು ಎದ್ದಳು. ಹಿತ್ತಲಿನಿಂದ ಒಂದು ಇಟ್ಟಿಗೆ ತಂದು ಕುರ್ಚಿಯ ಮುಂದಿಟ್ಟಳು. ಅಂದಿನಿಂದ ಸಂಜೆ ಅವನು ಕುರ್ಚಿಯಲ್ಲಿ ಕೂರುವುದು, ಅವಳು ಅಡಿಗೆಕೋಣೆಯಿಂದ ಇದ್ದಕ್ಕಿದ್ದಂತೆ "ಈಗ" ಅನ್ನುವುದು, ಅವನು ಇಟ್ಟಿಗೆ ತುಳಿಯುವುದು. ಹತ್ತರಲ್ಲಿ ಮೂರು ಸಲ ಕಾಲು ಹೋಗುತ್ತಿತ್ತು. ಏಳು ಸಲ ಕುರ್ಚಿಯ ಬುಡಕ್ಕೆ.

ಮಾವನ ಹತ್ತಿರವೂ ಹೇಳಿ ನೋಡಿದ. ಒಂದು ತಿಂಗಳು ಬೇರೆ ಕೆಲಸ ಕೊಡಿ, ಹಗ್ಗ ಎಳೆಯುತ್ತೇನೆ, ಗುಡಿಸುತ್ತೇನೆ ಅಂದ. ಮಾವ ಅಂಕದ ಪಟ್ಟಿಯಿಂದ ತಲೆ ಎತ್ತಲಿಲ್ಲ. "ಅಳಿಯಂದಿರೇ, ಪಳಗಿದ ಕಾಲು ಸುಮ್ನೆ ಸಿಗಲ್ಲ. ಒಂಬತ್ತು ತಿಂಗಳು ತಿದ್ದಿದ್ದೀನಿ. ನಿಲ್ಸೋದು ಕಾರಿನ ಕೆಲ್ಸ, ಕೂತಿರೋದು ನಿಮ್ಮ ಕೆಲ್ಸ." ಅಷ್ಟು ಹೇಳಿ, ಓಟವೇ ಇಲ್ಲದ ಹೊತ್ತಲ್ಲಿ, ನಿಂತ ಕಾಲಿಗೇ ಒಂದು ಕೊಟ್ಟರು.

ಪಟ್ಟಿ ಮುಗಿಸುವ ಕಡೆಯ ದಿನ ಬೊಂಬೆಯ ಹಗ್ಗ ಎಳೆಯುವ ಆಳು ಬರಲಿಲ್ಲ. ಹಿಂದಿನ ದಿನ ಹಗ್ಗ ತಡವಾಗಿ ಎಳೆದನೆಂದು ಮಾವ ಅವನ ಬಾಯಿಗೆ ಹೊಡೆದು ಎರಡು ಹಲ್ಲು ಉದುರಿಸಿದ್ದರು. ಅವನು ಹಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದವನು ಹೋದ. ಹಗ್ಗ ಹಿಡಿಯಲು ಮಾವನೇ ಲೇನಿನ ಎಡಕ್ಕೆ ನಿಂತರು. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಅಳಿಯ ಹಠಮಾರಿಯಲ್ಲಿ ಒಬ್ಬನೇ ಕೂತ. ಪಕ್ಕದ ಸೀಟಿನ ಮೇಲೆ ಪೈಪು ಮಾತ್ರ ಮಲಗಿತ್ತು. ಮಾವ ಅದನ್ನು ಅಲ್ಲಿಟ್ಟೇ ಇಳಿದಿದ್ದರು, ನೆನಪಿರಲಿ ಅಂತ.

ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಹೊರಡಲಿ ಎಂದು ಮಾವ ಬಾವುಟ ಇಳಿಸಿದರು. ಕಾರು ಸದ್ದಿಲ್ಲದೆ ಹೊರಟಿತು. ಇಪ್ಪತ್ತು, ಮೂವತ್ತು, ಐವತ್ತು. ಅಳಿಯ ಕೈ ತೊಡೆಯ ಮೇಲಿಟ್ಟ. ಮಂಡಿಯೂರಿದ ಬಡಪಾಯಿ ಹಗ್ಗಕ್ಕೆ ಕುಲುಕುತ್ತ ಲೇನಿನ ನಡುವಿಗೆ ಬಂದು, ಗಾಲಿ ಯಾವುದೋ ಸಂದಿಗೆ ಸಿಕ್ಕಿ ಮುಗ್ಗರಿಸಿ ಮಲಗಿಬಿಟ್ಟ. ಮಾವ ಎಳೆದರು, ಬರಲಿಲ್ಲ. ಇನ್ನೊಮ್ಮೆ ಎಳೆದರು. ಅವರು ಸೀಟಿ ಊದಬೇಕಿತ್ತು. ಊದಿದ್ದರೆ ಒಂದು ಓಟ ದಂಡವಾಗುತ್ತಿತ್ತು ಅಷ್ಟೆ. ಊದುವ ಬದಲು ಮಗಳ ಕತ್ತು ಹಿಡಿದು ಲೇನಿಗೆ ನೂಕಿದರು.

ಅವಳು ಓಡಿಹೋಗಿ ಬೊಂಬೆಯ ಮೇಲೆ ಬಗ್ಗಿದಳು. ಗಾಲಿ ಬಿಡಿಸುತ್ತಿದ್ದ ಸೊಟ್ಟ ಬೆರಳು ಕೂಡ ಅಳಿಯನಿಗೆ ಕಂಡಿತು. ಹಠಮಾರಿಗೆ ಏನೂ ಕಾಣಲಿಲ್ಲ. ಅವನು ಒಳಗೊಳಗೇ ಈಗ, ಈಗ, ಈಗ ಅಂದುಕೊಂಡ. ಮೂಳೆಯ ಮೇಲಿನ ಗಂಟುಗಳೆಲ್ಲ ಒಟ್ಟಿಗೆ ಉರಿದವು. ಕಾಲು ಸೀಟಿನ ಬುಡಕ್ಕೆ ಹೋಗಿ ಅಂಟಿಕೊಂಡಿತು.

ಆದರೆ ಕೈಗೆ ಯಾರೂ ಹೊಡೆದಿರಲಿಲ್ಲವಲ್ಲ. ಕೈ ಎದ್ದಿತು. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಎಳೆದ. ಹಠಮಾರಿ ವಾಪಸು ಎಳೆಯಿತು. ಇನ್ನೊಂದು ಸಲ ಎಳೆದ, ಹೆಗಲ ಕೀಲು ಕಟಕ್ಕೆಂದಿತು. ಗೆರೆ ಬಿಟ್ಟಿದ್ದೀರಿ, ಗೆರೆ ಬಿಟ್ಟಿದ್ದೀರಿ ಎಂದು ಕಾರಿನೊಳಗಿನ ಹೆಣ್ಣುಧ್ವನಿ ನಯವಾಗಿ ಹೇಳಿತು. ಮೂತಿ ಎಡಕ್ಕೆ ತಿರುಗಿತು. ಎಡಗಡೆ ಚೌಕಳಿ ಅಂಗಿಯೊಂದು ಹಗ್ಗ ಜಗ್ಗುತ್ತ ಬಗ್ಗಿ ನಿಂತಿತ್ತು.

ಬಡಪಾಯಿಗೆ ಹೊಡೆದಾಗ ಬರುವ ಸದ್ದು ದಿಂಬು ಕೊಡವಿದ ಹಾಗೆ. ಇದು ಹಾಗಿರಲಿಲ್ಲ. ಹಸಿ ಸೌದೆ ಮುರಿದ ಹಾಗೆ ಎರಡು ಸಲ ಕೇಳಿತು. ಮೈ ಎದ್ದು ಗಾಜಿಗೆ ಬಡಿದು ಹಳೇ ಟೈರುಗಳ ರಾಶಿಯ ಮೇಲೆ ಬಿತ್ತು. ಕಾರು ಅದೇ ಟೈರುಗಳಿಗೆ ಗುದ್ದಿ ನಿಂತಿತು. ದಯವಿಟ್ಟು ಬಿಡುವು ತೆಗೆದುಕೊಳ್ಳಿ, ನೀವು ದಣಿದಂತಿದೆ ಎಂದು ಹೆಣ್ಣುಧ್ವನಿ ಸಲಹೆ ಕೊಟ್ಟಿತು. ಅಳಿಯ ಪೈಪು ತೆಗೆದು ಆ ಧ್ವನಿ ನಿಲ್ಲುವವರೆಗೂ ಪರದೆಗೆ ಬಾರಿಸಿದ.

ಮಾವ ಸಾಯಲಿಲ್ಲ. ಒಂದು ಕಾಲು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು, ಇನ್ನೊಂದಕ್ಕೆ ಕಬ್ಬಿಣ ಹಾಕಿದರು. ವಿಚಾರಣೆಯವರು ಬಂದು, ಬ್ರೇಕು ಒಂದು ಸಲವೂ ಒತ್ತಿಲ್ಲ ಎಂದು ಕಾರಿನ ಲೆಕ್ಕದಲ್ಲಿದೆ, ಯಾಕೆ ಅಂದರು. ಅಳಿಯ ಡ್ಯಾಶ್‌ಬೋರ್ಡಿನ ಮೇಲಿದ್ದ ಮೂರು ಸಾಲು ತೋರಿಸಿ, ಪ್ಯಾಂಟು ಮೇಲೆತ್ತಿ ಕಾಲು ತೋರಿಸಿದ. ಅವರು ಕಾಲನ್ನು ನೋಡಿ, ಬರೆದುಕೊಂಡು ಹೋದರು. ಆಸ್ಪತ್ರೆಯಲ್ಲಿ ಮಾವ ಮಗಳ ಕಡೆ ಮುಖ ತಿರುಗಿಸಲಿಲ್ಲ. ಕೆಂಪು ಕಾರಿಗೆ ಎಷ್ಟು ಅಂಕ ಹಾಕಿದರು ಅಂತ ಮಾತ್ರ ಕೇಳಿದರಂತೆ.

ನಾಲ್ಕನೆಯ ದಿನ ಸಂಜೆ ಅವಳು ಆಸ್ಪತ್ರೆಯಿಂದ ಬಂದವಳೇ ಚಪ್ಪಲಿಯನ್ನೂ ಬಿಡದೆ ಗಂಡನ ಎದುರು ನಿಂತಳು.

"ಬಲಗಡೆ ಖಾಲಿ ಇತ್ತು ರೀ. ಬರೀ ಹುಲ್ಲು. ಎಡಕ್ಯಾಕೆ ತಿರುಗಿಸಿದ್ರಿ?"

ಈ ಪ್ರಶ್ನೆಯನ್ನು ವಿಚಾರಣೆಯವರು ಕೇಳಿರಲಿಲ್ಲ. ಅವನು ತನ್ನ ಕೈ ನೋಡಿಕೊಂಡ.

"ಚೌಕಳಿ ಅಂಗಿ ಕಾಣಿಸ್ತು. ಬೊಂಬೆ ಅಂದ್ಕೊಂಡೆ." ಆಮೇಲೆ ಮೆಲ್ಲಗೆ ಹೇಳಿದ, "ಅಂದ್ಕೊಂಡೆ ಅಂತ ಅಂದ್ಕೊಂಡಿದ್ದೀನಿ. ನಿಜ ಗೊತ್ತಿಲ್ಲ."

ಅವಳು ಕೂತಳು. ಚಪ್ಪಲಿ ಒಂದೊಂದಾಗಿ ಬಿಚ್ಚಿದಳು.

"ಆ ಅಂಗಿ ಹಾಕಿದೋಳು ನಾನು," ಅಂದಳು. "ಗೋದಾಮಿನಲ್ಲಿ ಬೇರೆ ಬಟ್ಟೆ ರಾಶಿ ಇತ್ತು. ಬೇಕು ಅಂತಲೇ ಅವರದ್ದು ಹಾಕ್ತಿದ್ದೆ. ದಿನಕ್ಕೆ ಆರು ಸಲ ಸಾಯಿಸಿ, ಆರು ಸಲ ಹೊಲೀತಿದ್ದೆ. ನಿಮ್ಮ ಕಣ್ಣಿಗೆ ಅಭ್ಯಾಸ ಮಾಡಿಸ್ತಿದ್ದೀನಿ ಅಂತ ಯೋಚನೆ ಮಾಡ್ಲಿಲ್ಲ."

ಒಲೆಯ ಮೇಲೆ ನೀರು ಕುದಿದು ಬತ್ತುತ್ತಿತ್ತು. ಅವಳು ಎದ್ದುಹೋಗಿ ಅದನ್ನು ಇಳಿಸಿ ಬಂದಳು. ಬರುವಾಗ ಒಂದು ಕೈಯಲ್ಲಿ ಇಟ್ಟಿಗೆ ಇತ್ತು, ಇನ್ನೊಂದರಲ್ಲಿ ಪೈಪು. ವಿಚಾರಣೆಯವರು ಅದನ್ನು ಕಸವೆಂದು ಬಿಟ್ಟು ಹೋಗಿದ್ದರು.

ಇಟ್ಟಿಗೆಯನ್ನು ಅವನ ಕಾಲಿನ ಮುಂದೆ ಇಟ್ಟಳು. ಮಂಡಿಯೂರಿ ಪಕ್ಕದಲ್ಲಿ ಕೂತು ಪೈಪನ್ನು ಎತ್ತಿ ಹಿಡಿದಳು, ಅವಳ ಅಪ್ಪ ಹಿಡಿಯುತ್ತಿದ್ದಷ್ಟೇ ಎತ್ತರಕ್ಕೆ. ಅವನ ಕಾಲು ಆಗಲೇ ಹಿಂದೆ ಸರಿದು ಕುರ್ಚಿಯ ಬುಡ ಹುಡುಕುತ್ತಿತ್ತು.

"ಪೈಪು ಇಲ್ದಾಗ ತುಳಿದ್ರೆ ಏನು ಬಂತು," ಅಂದಳು. "ನನ್ನ ಕೈ ನೋಡ್ಬೇಡಿ. ಮುಂದೆ ನೋಡಿ."

ಅವನು ಮುಂದೆ ನೋಡಿದ. ಗೋಡೆಯ ಮೊಳೆಗೆ ಅವಳ ಹೊಲಿಗೆಯ ಕತ್ತರಿ ನೇತಾಡುತ್ತಿತ್ತು.

"ಈಗ."

ಕಾಲು ಅಲುಗಲಿಲ್ಲ. ಅವಳು ಹೊಡೆಯಲಿಲ್ಲ, ಪೈಪನ್ನು ಇಳಿಸಲೂ ಇಲ್ಲ. ತೋಳು ನಡುಗುವಷ್ಟು ಹೊತ್ತು ಹಾಗೇ ಹಿಡಿದಿದ್ದು ಮತ್ತೆ ಅಂದಳು. ಮತ್ತೆ ಅಂದಳು. ಹದಿನಾಲ್ಕನೆಯ ಸಲಕ್ಕೋ ಹದಿನೈದಕ್ಕೋ, ಅವನು ಹಲ್ಲು ಕಚ್ಚಿ ಕೂಗಿಕೊಂಡ. ಕಾಲು ಹೋಗಿ ಎಷ್ಟು ಜೋರಾಗಿ ತುಳಿಯಿತೆಂದರೆ ಇಟ್ಟಿಗೆ ಎರಡು ಹೋಳಾಯಿತು.

ಅವಳು ಪೈಪನ್ನು ಎತ್ತಿ ಹಿಡಿದೇ ಇದ್ದಳು. "ಇನ್ನೊಂದು ತರ್ತೀನಿ," ಅಂದಳು, "ಅಲ್ಲೇ ಕೂತಿರಿ."