ಒದ್ದೆ ಉಸುಕಿನ ಐದು ಬಾಟಲಿ

ಒಂದು ಗಾಡಿ ಕಾಗಿಣಾ ಹೊಳೆಯ ಉಸುಕಿಗೆ ಎಂಟು ರೂಪಾಯಿ. ಅದನ್ನು ಉಗ್ರಾಣದ ಮೂಲೆಗೆ ಹೊತ್ತು ಹಾಕಿದ ಹಣಮಪ್ಪನಿಗೆ ಒಂದೂವರೆ. ಗೋಣಿಚೀಲಕ್ಕೆ ಬಾರಾ ಆಣೆ. ಗಾಡಿಯಲ್ಲಿ ತರಿಸುವ ನೀರು ದಿನವೂ ಎರಡು ಕೊಡ. ವಾಡಿಯ ಬೇಸಿಗೆಯಲ್ಲಿ ಅದೂ ಪುಕ್ಕಟೆಯಲ್ಲ. ಇಷ್ಟು ಖರ್ಚೂ ಐದು ಬಾಟಲಿ ತಂಪಾಗಿ ಮಲಗಲೆಂದು. ಬಾಟಲಿಯೊಳಗಿನ ಕೆಂಪು ವೈನಿನ ಬೆಲೆ ಎಷ್ಟೆಂದು ಮಾತ್ರ ಕಂಪನಿಯ ಗೆಸ್ಟ್ ಹೌಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎಪ್ಪತ್ನಾಲ್ಕರ ಮೇ ತಿಂಗಳು. ಗಣಿ ಕಂಪನಿಗೆ ಕಲ್ಲು ಒಡೆಯುವ ಹೊಸ ಯಂತ್ರ ಕೂಡಿಸಲು ಆಸ್ಟ್ರೇಲಿಯಾದಿಂದ ಕೀತ್ ಸಾಹೇಬರು ಬಂದಿದ್ದರು. ಬಾಟಲಿಗಳು ಅವರ ತಂದೆಯ ದ್ರಾಕ್ಷಿ ತೋಟದವು. ಅರವತ್ತೈದರಿಂದ ಅರವತ್ತೊಂಬತ್ತರವರೆಗೆ, ವರ್ಷಕ್ಕೊಂದು. ಯಂತ್ರ ತಿರುಗಿದ ದಿನ ಐದನ್ನೂ ಸಾಲಾಗಿ ರುಚಿ ನೋಡುವುದು ಅವರ ಹಂಚಿಕೆ. ಅರವತ್ತೇಳರದು ತಂದೆಯ ಕೈಯ ಕೊನೆಯ ವೈನು. ಆಮೇಲಿನವು ಅಣ್ಣ ಮಾಡಿದವು. ಆ ಅರವತ್ತೇಳರದನ್ನು ಎಲ್ಲಕ್ಕೂ ಕೊನೆಗೆ ಕುಡಿಯಬೇಕೆಂದಿದ್ದರು.

ಇಂಗ್ಲಿಷಿನ ಈ ಮಾತನ್ನೆಲ್ಲ ಅಡುಗೆಯವ ಗುಲಾಮ ದಸ್ತಗೀರನಿಗೆ ತಿಳಿಸಿ ಹೇಳಿದವರು ಉಗ್ರಾಣ ನೋಡಿಕೊಳ್ಳುವ ವಿಠ್ಠಲರಾಯರು.

"ಅಡ್ಡ ಮಲಗಿಸಬೇಕಂತ. ಅಲುಗಾಡಿಸಬಾರದಂತ. ತಂಪಿರಬೇಕಂತ."

"ಹಸುಗೂಸೇನ್ರಿ ರಾಯರ ಇದು?"

"ಕೂಸಾಗಿದ್ರ ಚಲೋ ಇತ್ತು ಮಾರಾಯ. ಮುಟ್ಟಬಹುದಿತ್ತು."

ಇವನು ಐದು ಹೊತ್ತಿನ ನಮಾಜಿನವ, ಅವರು ಏಕಾದಶಿಯ ಉಪವಾಸದವರು. ನೀರು ತಂಪಾಗಿರಲೆಂದು ಮಣ್ಣಿನ ರಂಜಣಗಿ ಇಡುವ ಹಾಗೆ ಒದ್ದೆ ಉಸುಕಿನಲ್ಲಿ ಹೂಳೋಣ ಎಂದವನು ದಸ್ತಗೀರ. ಕೈಗೆ ಬಟ್ಟೆ ಸುತ್ತಿಕೊಂಡು ಒಮ್ಮೆ ಹೂಳಿದ್ದೇ ಬಂತು, ಆಮೇಲೆ ಇಬ್ಬರೂ ದೂರದಿಂದ ಗೋಣಿಯ ಮೇಲೆ ನೀರು ಚೆಲ್ಲಿದರೇ ಹೊರತು ಯಾರೂ ಗೋಣಿ ಎತ್ತಿ ನೋಡಲಿಲ್ಲ.

ಯಂತ್ರ ತಿರುಗುವ ದಿನ ಬಂತು. ದಸ್ತಗೀರನಿಗೆ ಆ ದಿನದ ಚಿಂತೆ ಬೇರೆಯೇ ಇತ್ತು. ಹನ್ನೊಂದು ವರ್ಷ ದಿನಗೂಲಿಯ ಮೇಲೆ ಒಲೆ ಊದಿದ್ದ. ದೊಡ್ಡ ಮ್ಯಾನೇಜರು ಆ ರಾತ್ರಿ ಊಟಕ್ಕೆ ಬರುವವರಿದ್ದರು. ಎಲ್ಲ ಸರಿಹೋದರೆ ಕಾಯಂ ಮಾಡುವ ಕಾಗದಕ್ಕೆ ಸಹಿ ಎಂದು ಹೇಳಿಕಳಿಸಿದ್ದರು.

ಬೆಳಿಗ್ಗೆ ಬಾಟಲಿ ಕಿತ್ತು, ಉಸುಕು ತೊಳೆಯಲೆಂದು ಐದನ್ನೂ ಒಂದೇ ಬಕೀಟಿಗೆ ಇಳಿಸಿದ. ಹಿಂತಿರುಗಿ ನೋಡಿದರೆ ವರ್ಷ ಬರೆದ ಐದೂ ಚೀಟಿ ನೆನೆದು ಮೆತ್ತಗಾಗಿ ನೀರಿನ ಮೇಲೆ ತೇಲುತ್ತಿದ್ದವು. ಬಾಟಲಿಗಳು ಬೋಳು. ಯಾವುದು ಯಾವ ವರ್ಷದ್ದೋ, ಅಲ್ಲಾಹನೇ ಬಲ್ಲ.

"ಸಾಹೇಬರಿಗೆ ಹೇಳಿಬಿಡೂಣ್ರಿ ರಾಯರ."

"ಇವತ್ತಾ? ನಿನ್ನ ಕಾಯಂ ದಿನಾನೇ? ಹುಚ್ಚಗಿಚ್ಚ ಹಿಡದದೇನು? ಮೈದಾ ಅಂಟು ಕಾಸು, ಹಚ್ಚಿಬಿಡೂಣ."

"ಯಾವುದಕ್ಕ ಯಾವುದು?"

ಮಸಾಲೆ ಅರೆಯುತ್ತಿದ್ದ ದಸ್ತಗೀರನ ಹೆಂಡತಿ ಆಶಾಬಿ ತಲೆ ಎತ್ತದೆಯೇ ಹೇಳಿದಳು: "ಹಳೇ ಉಪ್ಪಿನಕಾಯಿ ಭರಣಿ ನೋಡಿಲ್ಲೇನ್ರಿ? ವರ್ಷ ಹೋದಂಗ ರಸ ಇಳೀತದ. ಭಾಳ ಇಳಿದದ್ದು ಹಳೇದು."

ಇಬ್ಬರು ಗಂಡಸರಿಗೂ ಅದು ಒಪ್ಪಿಗೆಯಾಯಿತು. ಕಿಟಕಿಯ ಬೆಳಕಿಗೆ ಬಾಟಲಿ ಹಿಡಿದು, ಕೂದಲೆಳೆಯಷ್ಟು ವ್ಯತ್ಯಾಸ ಹುಡುಕಿ, ರಾಯರು ಕೈಯಾರೆ ಚೀಟಿ ಹಚ್ಚಿದರು. ಆಮೇಲೆ ಮೂರು ಸಲ ಕೈ ತೊಳೆದುಕೊಂಡರು.

ಅಂದಿನ ಹಗಲು ದಸ್ತಗೀರನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಲೆಯಿಂದ ಬಾಟಲಿಗೆ, ಬಾಟಲಿಯಿಂದ ಒಲೆಗೆ. ಚೀಟಿಯ ಅಂಚು ಎದ್ದಂತೆ ಕಂಡು ಒತ್ತುವನು. ಒತ್ತಿದ್ದಕ್ಕೆ ಬೆರಳಿನ ಗುರುತು ಬಿತ್ತೆಂದು ಒರೆಸುವನು.

"ಏನ್ರಿ, ಬಿರಿಯಾನಿಗಿ ಎರಡು ಸಲ ಉಪ್ಪು ಹಾಕ್ಲಿಕತ್ತೀರಿ," ಎಂದು ಆಶಾಬಿ ಕೈ ಹಿಡಿದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮ್ಯಾನೇಜರು, ಇಬ್ಬರು ಎಂಜಿನಿಯರರು ಬಂದು ಕೂತರು. ರುಚಿ ನೋಡಿ ಉಗುಳಲು ಒಂದು ಪಾತ್ರೆ ಬೇಕೆಂದರು ಸಾಹೇಬರು. ದಸ್ತಗೀರ ಪೀಕದಾನಿ ತಂದಿಟ್ಟ. ಉಗುಳುವುದೇ ಆದರೆ ಏಳು ಸಮುದ್ರ ದಾಟಿಸಿ ಯಾಕೆ ತರಬೇಕೆಂದು ಬೇರೆ ದಿನವಾಗಿದ್ದರೆ ನಗುತ್ತಿದ್ದ.

ಸಾಹೇಬರು ಅರವತ್ತೈದರ ಚೀಟಿಯ ಬಾಟಲಿ ಎತ್ತಿಕೊಂಡು ತೋಟದ ಸುದ್ದಿ ಹೇಳಿದರು. ಬಾಯಿಗೆ ಸುತ್ತಿದ ತಗಡು ಬಿಚ್ಚಿ, ತಿರುಪು ಹಾಕಿ ಬೂಚು ಎಳೆದರು. ಬೂಚನ್ನು ಮೂಸಲು ಮೂಗಿನ ಹತ್ತಿರ ಒಯ್ದವರು ಅಲ್ಲೇ ನಿಂತರು. ದೀಪಕ್ಕೆ ಹಿಡಿದು ನೋಡಿದರು. ಚೀಟಿ ನೋಡಿದರು. ಮತ್ತೆ ಬೂಚು.

ಬೂಚಿನ ಮೈಮೇಲೆ ಸುಟ್ಟ ಅಕ್ಷರದಲ್ಲಿ ವರ್ಷ ಬರೆದಿತ್ತು. ಅರವತ್ತೇಳು.

ಅಂಥ ಬಾಟಲಿಯ ಬೂಚನ್ನು ಜನ್ಮದಲ್ಲಿ ಕಾಣದ ಇಬ್ಬರು ಬಾಗಿಲಲ್ಲಿ ನಿಂತು ಬೆವೆತರು. ಸಾಹೇಬರು ಬೂಚನ್ನು ತಿರುಗಿ ಬಾಟಲಿಗೆ ಒತ್ತಿ, ಅಂಗೈ ಅದರ ಮೇಲಿಟ್ಟು, ಮೆಲ್ಲಗೆ ಏನೋ ಕೇಳಿದರು.

ಇಂಗ್ಲಿಷ್ ತಿಳಿಯದಿದ್ದರೂ ದಸ್ತಗೀರನಿಗೆ ಕೇಳಿದ್ದೇನೆಂದು ತಿಳಿಯಿತು.

"ರಾಯರ, ಸಾಹೇಬರಿಗೆ ಹೇಳ್ರಿ. ಉಸುಕಿನಾಗ ಇಟ್ಟಾಂವ ನಾ, ಬಕೀಟಿಗಿ ಹಾಕಿದಾಂವ ನಾ, ಚೀಟಿ ಹಚ್ಚಿದಾಂವನೂ ನಾನೇ ಅಂತ ಹೇಳ್ರಿ. ತಪ್ಪಾಗ್ಯದ."

ರಾಯರು ಶಲ್ಯದ ತುದಿಯಿಂದ ಮುಖ ಒರೆಸಿಕೊಂಡರು. ಈಗ ಏನು ಹೇಳಿಯಾರು ಎಂದು ದಸ್ತಗೀರ ಅವರ ತುಟಿಯನ್ನೇ ನೋಡಿದ. ಕೊನೆಗೆ ಅವರು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಉಸುಕಿಗೆ, ಬಕೀಟಿಗೆ ದಸ್ತಗೀರನತ್ತ ಕೈ ತೋರಿಸಿದರು. ಅಂಟಿನ ಮಾತಿಗೆ ಬಂದಾಗ ತಮ್ಮ ಎದೆಯನ್ನೇ ಮುಟ್ಟಿಕೊಂಡರು.

ಸಾಹೇಬರು ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಉಳಿದ ನಾಲ್ಕರ ಬೂಚನ್ನೂ ಎಳೆದು, ಓದಿ, ಬಾಟಲಿಗಳನ್ನು ಸರಿಯಾದ ಸಾಲಿಗೆ ಇಟ್ಟರು. ಒಂದೊಂದರಿಂದ ಗ್ಲಾಸಿಗೆ ನಾಲ್ಕು ಬೆರಳು ಸುರಿದು, ಅಲ್ಲಾಡಿಸಿ, ಮೂಸಿ, ರುಚಿ ನೋಡಿ, ಮೂವರು ಅತಿಥಿಗಳಿಗೂ ಕೊಟ್ಟರು. ಮೊದಲಿನದು ಒಗರು ಎಂದರು, ಮುಂದಿನದು ಹಣ್ಣಿನ ಹಾಗೆ, ಇನ್ನೊಂದು ಹೊಗೆಯ ಹಾಗೆ. ರಾಯರು ಅಷ್ಟನ್ನೂ ದಸ್ತಗೀರನಿಗೆ ಪಿಸುಗುಟ್ಟಿ ಹೇಳುತ್ತಲೇ ಇದ್ದರು. ನಾಲ್ಕನ್ನೂ ಸಾಹೇಬರು ಪೀಕದಾನಿಗೆ ಉಗುಳಿದರು. ಕೊನೆಗೆ ಸುರಿದ ಅರವತ್ತೇಳರದನ್ನು ಉಗುಳಲಿಲ್ಲ.

ಊಟ ಮುಗಿಸಿ ಹೊರಡುವಾಗ ಮ್ಯಾನೇಜರು ಅಡುಗೆಮನೆಯ ಬಾಗಿಲಿಗೆ ಬಂದರು.

"ಬಿರಿಯಾನಿ ಭಾಳ ಚಲೋ ಆಗಿತ್ತು, ದಸ್ತಗೀರ. ಆದ್ರ ಇವತ್ತ ನನ್ನ ಕೈಲೆ ಸಹಿ ಆಗೂದಿಲ್ಲ."

"ಬೆಳಿಗ್ಗೇನೇ ಹೇಳಿದ್ರ?" ಎಂದ ದಸ್ತಗೀರ.

"ಬೆಳಿಗ್ಗೆ ಹೇಳಿದ್ರ ಸಾಹೇಬರು ಬೂಚು ನೋಡಿ ಸಾಲು ಹಚ್ಚತಿದ್ರು. ಅಷ್ಟೇ ಇತ್ತು ಕೆಲಸ."

ದಸ್ತಗೀರನ ಕಾಯಂ ನೌಕರಿ ಎರಡು ವರ್ಷ ಮುಂದೆ ಹೋಯಿತು. ರಾಯರ ಸೊಂಟದಿಂದ ಉಗ್ರಾಣದ ಕೀಲಿ ಹೋಗಿ ಬೇರೆಯವರ ಸೊಂಟಕ್ಕೆ ಬಂತು. ವೈನು ಮಾತ್ರ ಕೆಟ್ಟಿರಲಿಲ್ಲ. ವಾಡಿಯ ಆ ಬಿಸಿಲಿನಲ್ಲಿ ಐದಕ್ಕೆ ಐದೂ ಉಳಿದಿದ್ದವು. ಉಸುಕು ತನ್ನ ಕೆಲಸ ಮಾಡಿತ್ತು.